ಮೆಟ್ಟಿಲ ಕೆಳಗಿನ ಬಾಣಂತಿ

ಕಾರ್ತಿಕ ಮಾಸದ ಕೊನೆಯ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಮ್ಮ ಮನೆ ಬುಲ್ ಟೆಂಪಲ್ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗಿದ್ದರೂ ಮಕ್ಕಳು ಊದುವ ಪೀಪಿಯ ಸದ್ದು ಕಾಂಪೌಂಡ್ ದಾಟಿ ಬರುತ್ತಿತ್ತು. ಮಹಡಿ ಮೆಟ್ಟಿಲ ಕೆಳಗೆ, ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಕೆಂಚಿಗೆ ನೆಮ್ಮದಿಯಿಲ್ಲ. ಎದ್ದು ಬಟ್ಟೆ ಕೆರೆಯುತ್ತಾಳೆ, ಸುತ್ತು ಹಾಕುತ್ತಾಳೆ, ಕೂರುತ್ತಾಳೆ, ಬಾಲದ ಕಡೆ ತಿರುಗಿ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಹಾಕಿದ ಊಟ ಹಾಗೇ ಇದೆ. ಸಂಜೆ ಥರ್ಮಾಮೀಟರ್ ಇಟ್ಟು ನೋಡಿದರೆ 98.6.

“ಸರಿಯಾಗೇ ಇದ್ಯಲ್ಲೋ, ಜ್ವರ ಇಲ್ಲ” ಎಂದರು ಅಮ್ಮ.

ನಮಗಾದರೆ ಅದು ಸರಿ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ದಿನ ತುಂಬಿದ ನಾಯಿಯ ಶಾಖ 99ಕ್ಕಿಂತ ಕೆಳಗಿಳಿದರೆ, ಸಾಮಾನ್ಯವಾಗಿ ಇನ್ನೊಂದು ದಿನದೊಳಗೆ ಮರಿ ಹಾಕುತ್ತದೆ. ಬಸಿರನ್ನು ಉಳಿಸಿಕೊಳ್ಳುವ ಪ್ರೊಜೆಸ್ಟೆರಾನ್ ಹಾರ್ಮೋನು ಹೆರಿಗೆಗೆ ಮುನ್ನ ಒಮ್ಮೆಗೇ ಇಳಿಯುತ್ತದೆ. ಅದರ ಹಿಂದೆಯೇ ಶಾಖವೂ ಇಳಿಯುತ್ತದೆ. ಅಮ್ಮನಿಗೆ ಇಷ್ಟು ಹೇಳಿದ್ದೇ ತಡ, ಹಳೆಯ ಪಂಚೆಗಳನ್ನು ಹುಡುಕಲು ಒಳಗೆ ಹೋದರು.

ಕೆಂಚಿ ನಮ್ಮ ಬೀದಿಯ ನಾಯಿ. ದೀಪಾವಳಿ ಪಟಾಕಿಗೆ ಹೆದರಿ ಗೇಟಿನ ಸಂದಿಯಿಂದ ಒಳಗೆ ನುಸುಳಿದವಳು ಮತ್ತೆ ಹೊರಗೆ ಹೋಗಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಹೊಟ್ಟೆ ನಮ್ಮ ಕಣ್ಣಿಗೆ ಬಿತ್ತು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಿಗೆ ಬಾಣಂತನ ಹೊಸದಲ್ಲ. ಮೊದಲ ಹೆರಿಗೆಗೆ ಮಗಳು ತವರಿಗೆ ಬಂದರೆ ಯಾವ ತಿಂಗಳು ಏನು ತಿನ್ನಿಸಬೇಕು, ಯಾವ ಕೋಣೆ ಕೊಡಬೇಕು ಎಂದು ಅಜ್ಜಿಯಂದಿರಿಗೆ ಬಾಯಿಪಾಠ. ಕೆಂಚಿಯ ಆರೈಕೆಗೂ ಆ ಅನುಭವವೆಲ್ಲ ಓಡಿ ಬಂತು. ಅದರಲ್ಲಿ ಅರ್ಧ ಅವಳಿಗೆ ವರ. ಇನ್ನರ್ಧ ಅವಳನ್ನು ಕೊಲ್ಲುವಂಥದ್ದು. ಯಾವುದು ಯಾವ ಅರ್ಧಕ್ಕೆ ಸೇರುತ್ತದೆ ಎಂಬುದೇ ಈ ಲೇಖನ.

ಗಬ್ಬವೋ, ಅಲ್ಲವೋ?

ಬೀದಿ ನಾಯಿಯಾದರೆ ಮೊದಲು ಕಿವಿ ನೋಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಯ ಕಿವಿಯ ಅಂಚಿನಲ್ಲಿ ಒಂದು ಕಚ್ಚು ಹಾಕಿರುತ್ತಾರೆ. ಆ ಕಚ್ಚು ಇದ್ದೂ ಹೊಟ್ಟೆ ಉಬ್ಬಿದ್ದರೆ ಕಾರಣ ಬೇರೆ: ಜಂತುಹುಳು, ಹೊಟ್ಟೆಯಲ್ಲಿ ನೀರು, ಗೆಡ್ಡೆ. ಆಗ ಇನ್ನೂ ಬೇಗ ವೈದ್ಯರ ಬಳಿ ಹೋಗಬೇಕು. ಕೆಂಚಿಯ ಎರಡೂ ಕಿವಿ ನೆಟ್ಟಗಿದ್ದವು.

ಮನೆಯಲ್ಲಿ ಸಾಕಿದ ನಾಯಿಯಾದರೆ ಇನ್ನೊಂದು ಗೊಂದಲ. ಬೆದೆ ಮುಗಿದು ಆರೆಂಟು ವಾರಕ್ಕೆ, ಗಂಡು ನಾಯಿಯ ಮುಖವನ್ನೇ ನೋಡದ ಹೆಣ್ಣು ನಾಯಿಗೂ ಮೊಲೆ ಊದಿ ಹಾಲು ಬರುವುದುಂಟು. ಮೂಲೆಯಲ್ಲಿ ಬಟ್ಟೆ ಗುಡ್ಡೆ ಹಾಕಿಕೊಂಡು ಮಕ್ಕಳ ಗೊಂಬೆಯನ್ನೇ ಮರಿಯಂತೆ ಕಾಯುತ್ತದೆ. ಇದು ಹಾರ್ಮೋನಿನ ಆಟ, ಸುಳ್ಳು ಬಸಿರು. ಹಾಲು ಹಿಂಡಿ ತೆಗೆಯಲು ಹೋಗಬೇಡಿ, ಹಿಂಡಿದಷ್ಟೂ ಉಕ್ಕುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ನಿಲ್ಲುತ್ತದೆ.

ಮೆಡಿಕಲ್ ಶಾಪಿನಲ್ಲಿ ಸಿಗುವ ಬಸಿರು ಪರೀಕ್ಷೆಯ ಪಟ್ಟಿ ನಾಯಿಗೆ ಕೆಲಸ ಮಾಡದು. ಅದು ಹುಡುಕುವ ಹಾರ್ಮೋನು ನಾಯಿಯಲ್ಲಿ ಇಲ್ಲ. ಬಸಿರಾಗಿ 25-30 ದಿನಕ್ಕೆ ಸ್ಕ್ಯಾನಿಂಗ್ ಮಾಡಿಸಿದರೆ ಮರಿಗಳ ಎದೆಬಡಿತ ಕಾಣುತ್ತದೆ. ಎಷ್ಟು ಮರಿ ಎಂದು ತಿಳಿಯಲು ಎಕ್ಸ್-ರೇಯೇ ಮೇಲು. ಎಲುಬು ಗಟ್ಟಿಯಾಗಿರಬೇಕಾದ್ದರಿಂದ 55 ದಿನ ಕಳೆದ ಮೇಲೆ ತೆಗೆಸಬೇಕು. ಈ ಲೆಕ್ಕ ಕುತೂಹಲಕ್ಕಲ್ಲ. ಐದು ತಲೆಬುರುಡೆ ಕಂಡಿದ್ದು ನಾಲ್ಕೇ ಮರಿ ಹೊರಬಂದರೆ, ಒಳಗೊಂದು ಸಿಕ್ಕಿಕೊಂಡಿದೆ ಎಂದು ತಿಳಿಯುವುದು ಇದರಿಂದಲೇ. ಕೆಂಚಿಯ ಫಿಲ್ಮನ್ನು ಬೆಳಕಿಗೆ ಹಿಡಿದು ವೈದ್ಯರು ಎಣಿಸಿದರು: ಐದು.

ನಾಯಿಯ ಬಸಿರು ಸುಮಾರು 63 ದಿನ, ಅಂದರೆ ಒಂಬತ್ತು ವಾರ. ನಮ್ಮ ಒಂಬತ್ತು ತಿಂಗಳ ಲೆಕ್ಕವನ್ನು ವಾರಕ್ಕೆ ಇಳಿಸಿಕೊಂಡರೆ ನೆನಪಿಡುವುದು ಸುಲಭ. ಹೆಣ್ಣು ನಾಯಿ ಹಲವು ದಿನ ಗಂಡನ್ನು ಸೇರಿಸಿಕೊಳ್ಳುವುದರಿಂದ, ಕೂಡಿದ ದಿನದಿಂದ ಎಣಿಸಿದರೆ ಅಷ್ಟಿಷ್ಟು ಹಿಂದೆ ಮುಂದೆ ಆಗಬಹುದು.

ಎದುರುಮನೆಯ ಅಂಟಿನುಂಡೆ

ವಿಷಯ ಬೀದಿಗೆ ತಿಳಿದ ಮಾರನೆಯ ದಿನವೇ ಎದುರುಮನೆಯ ಅಜ್ಜಿ ಡಬ್ಬಿ ಹಿಡಿದು ಬಂದರು. “ಪಾಪ, ಬಸುರಿ ಕಣಪ್ಪಾ. ಎರಡೇ ಎರಡು ಅಂಟಿನುಂಡೆ ಇದೆ, ಹಾಕು.” ಕೊಬ್ಬರಿ, ಬೆಲ್ಲ, ಅಂಟು, ತುಪ್ಪದ ಜೊತೆಗೆ ಉಂಡೆಯ ತುಂಬ ಒಣದ್ರಾಕ್ಷಿ. ದ್ರಾಕ್ಷಿ, ಹಸಿಯದಿರಲಿ ಒಣಗಿದ್ದಿರಲಿ, ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಉಂಡೆಯನ್ನು ನಾನೇ ತಿಂದೆ. ಅಜ್ಜಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಬಾಣಂತಿಗೆ ಹಾಲು ಹೆಚ್ಚಲೆಂದು ಕೊಡುವ ಬೆಳ್ಳುಳ್ಳಿಯದೂ ಇದೇ ಕಥೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಹುಳಿ, ಸಾಂಬಾರು ಕಲಸಿದ ಅನ್ನ ಬೇಡ ಎನ್ನುವುದು ಇದಕ್ಕೇ. ತುಪ್ಪ ಸುರಿದರೆ ಭೇದಿ, ಇನ್ನೂ ಹೆಚ್ಚಾದರೆ ಮೇದೋಜ್ಜೀರಕದ ಊತ. ನಾಯಿ ಹೊಟ್ಟೆಗೆ ತುಪ್ಪ ದಕ್ಕೀತೇ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಏನು ಕೊಡಬೇಕು? ಮೊದಲ ಐದಾರು ವಾರ ಎಂದಿನ ಊಟವೇ ಸಾಕು. “ಎರಡು ಜೀವ” ಎಂದು ಆಗಲೇ ತುರುಕಿದರೆ ಬೊಜ್ಜು ಬಂದು ಹೆರಿಗೆ ಕಷ್ಟವಾಗುತ್ತದೆ. ಮರಿಗಳು ನಿಜವಾಗಿ ಬೆಳೆಯುವುದು ಕೊನೆಯ ಮೂರು ವಾರದಲ್ಲಿ. ಆಗ ಊಟವನ್ನು ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಿಸಬೇಕು. ಹೊಟ್ಟೆಯಲ್ಲಿ ಜಾಗ ಇಲ್ಲದ್ದರಿಂದ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ನಮ್ಮ ಬಡಾವಣೆಗಳ ನಿಜವಾದ ಸಮಸ್ಯೆ ಮೊಸರನ್ನ. ಸಸ್ಯಾಹಾರಿ ಮನೆಗಳ ನಾಯಿಗಳು ಮೊಸರನ್ನದಲ್ಲೇ ಬೆಳೆದು ಮುದಿಯಾಗುತ್ತವೆ, ನಿಜ. ಆದರೆ ಐದು ಮರಿಗಳ ಮೈ ಕಟ್ಟಲು ಬೇಕಾದ ಪ್ರೋಟೀನು ಅದರಲ್ಲಿಲ್ಲ. ಕೆಂಚಿಗಾಗಿ ನಮ್ಮ ಮನೆಯಲ್ಲೊಂದು ಒಪ್ಪಂದವಾಯಿತು. ಮೊಟ್ಟೆ ಅಡುಗೆಮನೆ ಹೊಸ್ತಿಲು ದಾಟುವುದಿಲ್ಲ, ಹಿತ್ತಲಲ್ಲಿ ಕರೆಂಟ್ ಒಲೆಯ ಮೇಲೆ ಬೇಯುತ್ತದೆ. ಅದೂ ಬೇಡವೆನ್ನುವವರು ಅಂಗಡಿಯಲ್ಲಿ ಸಿಗುವ ಮರಿಗಳ ಒಣ ಆಹಾರವನ್ನೇ ತಾಯಿಗೆ ಕೊಡಬಹುದು. ಬೆಳೆಯುವ ಮರಿಗೆ ಬೇಕಾದ ಶಕ್ತಿ, ಪ್ರೋಟೀನು, ಸುಣ್ಣದ ಅಂಶ ಬಸುರಿಗೂ ಹಾಲೂಡುವ ತಾಯಿಗೂ ಹೊಂದುತ್ತದೆ.

ಕ್ಯಾಲ್ಸಿಯಂ ಟಾನಿಕ್ಕಿನ ವಿಷಯ ಒತ್ತಿ ಹೇಳಬೇಕು. ಬಸುರಿಗೆ ಕ್ಯಾಲ್ಸಿಯಂ ಒಳ್ಳೆಯದು ಎಂಬುದು ಮನುಷ್ಯರ ಲೆಕ್ಕ. ನಾಯಿಗೆ ಬಸಿರಿನಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ, ಎಲುಬಿನಲ್ಲಿರುವ ದಾಸ್ತಾನನ್ನು ಕರಗಿಸಿ ರಕ್ತಕ್ಕೆ ಕೊಡುವ ಗ್ರಂಥಿ ಸೋಮಾರಿಯಾಗುತ್ತದೆ. ಹೆತ್ತ ಮೇಲೆ ಮರಿಗಳು ಹಾಲು ಎಳೆಯತೊಡಗಿದಾಗ ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿದು ತಾಯಿಗೆ ಸೆಳವು ಬರುತ್ತದೆ. ಹೆಚ್ಚು ಮರಿ ಹಾಕಿದ ಚಿಕ್ಕ ಜಾತಿಯ ನಾಯಿಗಳಿಗೆ ಈ ಅಪಾಯ ಜಾಸ್ತಿ. ಹಳೆಯ ಬೆಂಗಳೂರಿನ ಮನೆಮನೆಯ ಅಚ್ಚುಮೆಚ್ಚು ‘ಪೊಮೇರಿಯನ್’ ಕೂಡ ಈ ಪೈಕಿ.

ಔಷಧಿಯ ವಿಷಯದಲ್ಲಿ ಸ್ವಂತ ಬುದ್ಧಿ ಬೇಡ. ಉಣ್ಣೆಗೆ ಹಾಕುವ ಕೆಲವು ದ್ರಾವಣಗಳು, ಕೆಲವು ಆ್ಯಂಟಿಬಯೋಟಿಕ್‌ಗಳು, ಜೀವಂತ ವೈರಸ್ಸಿನ ಲಸಿಕೆಗಳು ಬಸಿರಿನಲ್ಲಿ ಸಲ್ಲವು. ನಮ್ಮ ಮನೆಯ ನೋವಿನ ಮಾತ್ರೆ ಯಾವತ್ತೂ ಸಲ್ಲದು. ಜಂತಿನ ಔಷಧಿ ಮಾತ್ರ ವೈದ್ಯರು ಹೇಳಿದ್ದನ್ನು ತಪ್ಪದೆ ಕೊಡಿ. ದುಂಡುಹುಳುಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗಳಿಗೆ ದಾಟುತ್ತವೆ.

ಬಾಣಂತಿ ಕೋಣೆ

ನಮ್ಮ ಹಿರಿಯರ ಬಾಣಂತಿ ಕೋಣೆಯ ಕಲ್ಪನೆ ನಾಯಿಗೆ ಹೇಳಿ ಮಾಡಿಸಿದಂತಿದೆ. ಗಾಳಿ ನುಗ್ಗದ, ಅರೆಗತ್ತಲಿನ, ಬಂದುಹೋಗುವವರ ಕಾಟವಿಲ್ಲದ ಜಾಗ. ಹಳೆಯ ಮನೆಗಳಲ್ಲಿ ಮೆಟ್ಟಿಲ ಕೆಳಗಿನ ಗೂಡಿಗಿಂತ ಬೇರೆ ಬೇಕಿಲ್ಲ. ದಿನ ತುಂಬುವುದಕ್ಕೆ ಹತ್ತು ದಿನ ಮೊದಲೇ ಅಲ್ಲಿ ಮಲಗುವ ಅಭ್ಯಾಸ ಮಾಡಿಸಬೇಕು. ಪೆಟ್ಟಿಗೆ ತಾಯಿ ಕಾಲು ಚಾಚಿ ಮಲಗುವಷ್ಟು ಅಗಲ ಇರಲಿ. ಗೋಡೆ ಮರಿ ಹೊರಗೆ ಉರುಳದಷ್ಟು, ತಾಯಿ ಸಲೀಸಾಗಿ ದಾಟುವಷ್ಟು ಎತ್ತರವಿದ್ದರೆ ಸಾಕು.

ರೆಡ್ ಆಕ್ಸೈಡ್ ನೆಲ ಬೇಸಿಗೆಯಲ್ಲಿ ಸುಖ, ಕಾರ್ತಿಕದ ರಾತ್ರಿಯಲ್ಲಿ ಮಂಜುಗಡ್ಡೆ. ಪೆಟ್ಟಿಗೆಯ ಕೆಳಗೆ ಮರದ ಹಲಗೆ, ಒಳಗೆ ದಪ್ಪಗೆ ನ್ಯೂಸ್‌ಪೇಪರ್, ಅದರ ಮೇಲೆ ಹಳೆಯ ಪಂಚೆ ಹಾಸಿ. ಉಗುರು ಸಿಕ್ಕಿಕೊಳ್ಳುವ ಎಳೆಬಿಟ್ಟ ಬಟ್ಟೆ ಬೇಡ. ಹುಟ್ಟಿದ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬಾರದು. ಮೊದಲ ವಾರ ಅದರ ಸುತ್ತ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಪೆಟ್ಟಿಗೆಯ ಒಂದು ಮೂಲೆಯ ಮೇಲೆ ಮಾತ್ರ, ತಾಯಿಗೆ ಎಟುಕದಂತೆ ಒಂದು ಹಳೆಯ ಕಾಲದ 60 ವ್ಯಾಟ್ ಬಲ್ಬ್ ತೂಗುಹಾಕಿ. ಸೆಕೆಯಾದರೆ ಸರಿದುಕೊಳ್ಳಲು ಇನ್ನೊಂದು ಮೂಲೆ ಇರುತ್ತದೆ.

ಸಾಂಬ್ರಾಣಿ ಹೊಗೆ ಬೇಡ, ಮರಿಗಳ ಶ್ವಾಸಕೋಶಕ್ಕೆ ಅದು ಭಾರ. ಫಿನಾಯಿಲ್ ಕೂಡ ಬೇಡ. ಹಳೆಯ ಮನೆಗಳ ಇನ್ನೊಂದು ಶತ್ರು ಇರುವೆ. ಹೆರಿಗೆಯ ರಕ್ತದ ವಾಸನೆಗೆ ಸಾಲುಗಟ್ಟಿ ಬರುತ್ತವೆ. ಕಣ್ಣು ಬಿಡದ ಮರಿಯನ್ನು ಕಚ್ಚಿ ಸಾಯಿಸಿಯೇ ಬಿಡುತ್ತವೆ. ವಿಷದ ಸೀಮೆಸುಣ್ಣ ಎಳೆದರೆ ತಾಯಿ ನೆಕ್ಕುತ್ತದೆ. ಹಲಗೆಯನ್ನು ನಾಲ್ಕು ಇಟ್ಟಿಗೆಗಳ ಮೇಲಿಟ್ಟು, ಒಂದೊಂದು ಇಟ್ಟಿಗೆಯನ್ನೂ ನೀರು ತುಂಬಿದ ತಟ್ಟೆಯಲ್ಲಿ ಇಟ್ಟೆವು. ಸಕ್ಕರೆ ಡಬ್ಬಿಗೆ ಅಮ್ಮ ಮಾಡುವ ಉಪಾಯವೇ.

ಆ ರಾತ್ರಿ

ಹೆರಿಗೆಯ ಮೊದಲ ಹಂತ 6ರಿಂದ 12 ಗಂಟೆ, ಕೆಲವೊಮ್ಮೆ ಒಂದಿಡೀ ದಿನ. ಏದುಸಿರು, ಚಡಪಡಿಕೆ, ನಡುಕ, ವಾಂತಿ ಎಲ್ಲವೂ ಸಹಜ. ಆಗ ನಮ್ಮ ಕೆಲಸ ಗಡಿಯಾರ ನೋಡುತ್ತ ದೂರ ಕೂರುವುದು. ಒಗೆದ ಟವೆಲ್, ಕುದಿಸಿದ ಕತ್ತರಿ ಮತ್ತು ದಾರ, ಪೊವಿಡೋನ್ ಅಯೋಡಿನ್, ಅಡುಗೆಮನೆಯ ತಕ್ಕಡಿ, ಪೆನ್ನು, ಕಾಗದ, ರಾತ್ರಿ ಫೋನ್ ಎತ್ತುವ ವೈದ್ಯರ ನಂಬರ್ ಕೈಯಳತೆಯಲ್ಲಿರಲಿ. ನಡುರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಅಲ್ಲಿಗೆ ನಾಯಿಯನ್ನು ಕರೆದೊಯ್ಯುವ ಆಟೋ ಯಾವುದು ಎಂದು ಹಗಲಲ್ಲೇ ವಿಚಾರಿಸಿಟ್ಟಿರಬೇಕು. ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳ ವೇಳೆಯನ್ನೂ ಮೊದಲೇ ತಿಳಿದುಕೊಳ್ಳಿ.

ಹನ್ನೊಂದೂಮುಕ್ಕಾಲಕ್ಕೆ ಮೊದಲ ಮರಿ ಬಂತು. ಕೆಂಚಿ ತಾನೇ ಪೊರೆ ಹರಿದು, ಹೊಕ್ಕುಳಬಳ್ಳಿ ಕಡಿದು, ಮರಿಯನ್ನು ಒರಟಾಗಿ ನೆಕ್ಕಿ ಉರುಳಾಡಿಸಿದಳು. ಅಮ್ಮನಿಗೆ ತಡೆಯಲಾಗಲಿಲ್ಲ. “ಏ, ನೋವಾಗತ್ತೆ ಕಣೇ!” ಆ ಒರಟುತನವೇ ಮರಿಗೆ ಉಸಿರು ಕೊಡುವುದು. ಮಾಸನ್ನೂ ಕೆಂಚಿಯೇ ತಿಂದಳು. ತಡೆಯಬೇಕಿಲ್ಲ, ಎಷ್ಟು ಮಾಸು ಬಿದ್ದವು ಎಂಬ ಲೆಕ್ಕ ಮಾತ್ರ ಇಡಬೇಕು. ಒಂದು ಒಳಗೇ ಉಳಿದರೆ ಕೊಳೆತು ನಂಜಾಗಬಹುದು.

ಎರಡನೆಯದು ಅರ್ಧ ಗಂಟೆಗೆ ಬಂತು. ಮೂರನೆಯದಕ್ಕೆ ಮುಕ್ಕಾಲು ಗಂಟೆ. ಅದರ ಹಿಂಗಾಲು ಮೊದಲು ಕಂಡಿತು. ನಾಯಿಗಳಲ್ಲಿ ಇದು ಅಡ್ಡ ಹೆರಿಗೆಯಲ್ಲ, ಹತ್ತರಲ್ಲಿ ನಾಲ್ಕು ಮರಿ ಹೀಗೇ ಹುಟ್ಟುತ್ತವೆ. ಆದರೆ ಕೆಂಚಿ ಸುಸ್ತಾಗಿದ್ದಳು, ಪೊರೆ ಹರಿಯಲಿಲ್ಲ. ತಾಯಿ ಒಂದೆರಡು ನಿಮಿಷದಲ್ಲಿ ಹರಿಯದಿದ್ದರೆ ನಾವು ಕೈ ಹಾಕಲೇಬೇಕು. ಮೂಗಿನ ಮೇಲಿನ ಪೊರೆ ಬಿಡಿಸಿ, ತಲೆ ಕೆಳಮುಖವಾಗಿ ಹಿಡಿದು, ಮೂಗು ಬಾಯಿ ಒರೆಸಿ, ಟವೆಲ್ಲಿನಲ್ಲಿ ಬೆನ್ನು ತಿಕ್ಕಿದೆ. ಮರಿಯನ್ನು ಹಿಡಿದು ಬೀಸುವವರಿದ್ದಾರೆ. ಹಾಗೆ ಮಾಡಬಾರದು, ಮೆದುಳಿಗೆ ಪೆಟ್ಟಾಗುತ್ತದೆ. ಒಂದು ನಿಮಿಷ ಏನೂ ಇಲ್ಲ. ಅಂಗೈಯಲ್ಲಿ ಒದ್ದೆ ಇಲಿಯಂಥದ್ದೊಂದು ಮುದ್ದೆ. ಆಮೇಲೆ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಒಂದು ದನಿ. ಕೆಂಚಿ ಕಿವಿ ನೆಟ್ಟಗೆ ಮಾಡಿ ತಿರುಗಿದಳು. ಅವಳ ಮುಂದಿಟ್ಟೆ, ನೆಕ್ಕಿದಳು. ಹೊಟ್ಟೆಯಿಂದ ಒಂದು ಬೆರಳಗಲ ಬಿಟ್ಟು ಬಳ್ಳಿಗೆ ದಾರ ಕಟ್ಟಿ, ಆಚೆಗೆ ಕತ್ತರಿಸಿ, ತುದಿಗೆ ಅಯೋಡಿನ್ ಹಚ್ಚಿದೆ.

ಎರಡು ಮರಿಗಳ ನಡುವೆ ತಾಯಿ ನೋವಿಲ್ಲದೆ ಮಲಗಿದ್ದರೆ ಎರಡು ಗಂಟೆ ಕಾಯಬಹುದು. ಆದರೆ ಈ ನಾಲ್ಕನ್ನು ಗೋಡೆಯ ಮೇಲೆ ಬರೆದಿಡಿ: ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಂದು ಮರಿಯೂ ಬರುವ ಮೊದಲೇ ಕಡುಹಸಿರು ದ್ರವ ಇಳಿದರೆ, ಒಳಗೆ ಮರಿ ಉಳಿದಿದ್ದೂ ಎರಡು ಗಂಟೆ ದಾಟಿದರೆ, ಶಾಖ ಇಳಿದು 24 ಗಂಟೆ ಕಳೆದರೂ ಏನೂ ನಡೆಯದಿದ್ದರೆ, ಆಟೋ ಕರೆಯಿರಿ. “ಒಂದು ಇಂಜೆಕ್ಷನ್ ಹಾಕಿದ್ರೆ ಬಂದ್‌ಬಿಡತ್ತೆ” ಎನ್ನುವವರನ್ನು ಒಳಗೆ ಬಿಡಬೇಡಿ. ಮರಿ ಅಡ್ಡ ಸಿಕ್ಕಿರುವಾಗ ನೋವು ಬರಿಸುವ ಇಂಜೆಕ್ಷನ್ ಗರ್ಭಕೋಶವನ್ನೇ ಹರಿಯಬಲ್ಲದು. ಪಗ್, ಬುಲ್‌ಡಾಗ್‌ನಂಥ ದೊಡ್ಡ ತಲೆಯ, ಚಪ್ಪಟೆ ಮೂಗಿನ ಜಾತಿಗಳಿಗೆ ಆಪರೇಷನ್ ಬೇಕಾಗುವುದು ಮಾಮೂಲು. ಅವುಗಳ ಹೆರಿಗೆಯನ್ನು ಮನೆಯಲ್ಲೇ ಮಾಡಿಸುತ್ತೇವೆ ಎನ್ನುವ ಧೈರ್ಯ ಬೇಡ.

ಬೆಳಗಿನ ಜಾವ ಮೂರೂವರೆಗೆ ಐದೂ ಮುಗಿದಿತ್ತು. ಪರಿಷೆಯ ಸದ್ದು ಅಡಗಿತ್ತು.

ಹಸಿ ಬಾಣಂತಿ

ಎಣ್ಣೆನೀರು ಬೇಡ. ಒದ್ದೆ ಬಟ್ಟೆಯಲ್ಲಿ ಹಿಂಬದಿ ಒರೆಸಿದರೆ ಸಾಕು. ಮರಿಗಳು ಮೊದಲ ಕೆಲವು ಗಂಟೆಯಲ್ಲೇ ತಾಯಿಯ ಗಿಣ್ಣು ಹಾಲು ಕುಡಿಯಬೇಕು. ರೋಗ ತಡೆಯುವ ಶಕ್ತಿ ಅದರಲ್ಲಿದೆ. ಒಂದು ದಿನ ಕಳೆದರೆ ಮರಿಯ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ತಾಯಿಗೆ ಹಾಲಿಲ್ಲವೆಂದು ನಂದಿನಿ ಪ್ಯಾಕೆಟ್ ಒಡೆಯಬೇಡಿ. ನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬು, ಪ್ರೋಟೀನು ಇರುತ್ತದೆ. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ.

ದಿನಾ ಒಂದೇ ಹೊತ್ತಿಗೆ ಮರಿಗಳನ್ನು ತೂಗಿ ಬರೆದಿಡಿ. ಮೊದಲ ದಿನ ತೂಕ ಒಂದಿಷ್ಟು ಇಳಿಯಬಹುದು. ಆಮೇಲೆ ದಿನದಿನಕ್ಕೂ ಏರಿ, ಹತ್ತು ದಿನದ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟಾಗಬೇಕು. ನಮ್ಮ ಮೂರನೆಯ ಮರಿ 240 ಗ್ರಾಂ ಇತ್ತು, ಎಲ್ಲಕ್ಕಿಂತ ಸಣ್ಣದು. ಅದು ಏರುತ್ತಿಲ್ಲ ಎಂದು ತಕ್ಕಡಿ ಹೇಳಿದ್ದರಿಂದಲೇ ಹಾಲು ಚೆನ್ನಾಗಿ ಬರುವ ಹಿಂದಿನ ಮೊಲೆಗೆ ದಿನಕ್ಕೆ ನಾಲ್ಕು ಸಲ ಕೈಯಾರೆ ಹಚ್ಚಿದೆವು. ಕಣ್ಣು ಬಿಡುವುದು 10ರಿಂದ 14 ದಿನಕ್ಕೆ. ಎರಡು ವಾರಕ್ಕೊಮ್ಮೆ ಜಂತಿನ ಔಷಧಿ, ಆರೆಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ.

ತಾಯಿಯ ಊಟ ಈಗ ಎರಡು ಮೂರು ಪಟ್ಟು. ಕೆಂಪು-ಕಂದು ಸ್ರಾವ ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಇರುತ್ತದೆ. ವಾಸನೆ ಬಂದರೆ ಅಪಾಯ. ಮೊಲೆ ಕಲ್ಲಾಗಿ ಬಿಸಿಯಾದರೂ ಹಾಗೇ. ಎರಡರಿಂದ ನಾಲ್ಕನೆಯ ವಾರದ ನಡುವೆ ತಾಯಿ ಏದುಸಿರು ಬಿಡುತ್ತ, ಕಾಲು ಸೆಟೆದು ನಡೆದು, ನಡುಗತೊಡಗಿದರೆ ಅದೇ ಆ ಕ್ಯಾಲ್ಸಿಯಂ ಕುಸಿತ. ಮರಿಗಳನ್ನು ಬಿಡಿಸಿ ಆಗಿಂದಾಗಲೇ ಆಸ್ಪತ್ರೆಗೆ ಒಯ್ಯಬೇಕು. ಮತ್ತೆ ಬೀದಿಯ ಮಕ್ಕಳಿಗೆ ಒಂದು ಮಾತು: ಬಾಣಂತಿ ನಾಯಿ ಪರಿಚಯದವರನ್ನೂ ಕಚ್ಚುತ್ತದೆ. ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ.

ಗೋಣಿಚೀಲದ ಲೆಕ್ಕ

ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಐದು ಮರಿಗಳಲ್ಲಿ ಗಂಡು ಒಂದೇ. ಅದಕ್ಕೆ ಮೂರು ಮನೆಯವರು ಸಾಲು ನಿಂತರು. “ಹೆಣ್ಣಾ? ಬೇಡಪ್ಪಾ, ಆಮೇಲೆ ಮರಿ ಹಾಕತ್ತೆ” ಎಂದು ಉಳಿದ ನಾಲ್ಕನ್ನು ಎಲ್ಲರೂ ಬಿಟ್ಟರು. ಮಾರುಕಟ್ಟೆಯ ಹಿಂದೆ, ದೇವಸ್ಥಾನದ ಗೋಡೆ ಪಕ್ಕ ಗೋಣಿಚೀಲದಲ್ಲಿ ಸಿಗುವ ಮರಿಗಳನ್ನು ಬಿಚ್ಚಿ ನೋಡಿ, ಹೆಚ್ಚಿನವು ಹೆಣ್ಣೇ.

ಇದೇ ಊರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಆತಕೂರಿನ ಕಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949-50ರದು. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೆಂದು ಗಂಗ ದೊರೆ ಬೂತುಗ ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಒಂದು ನಾಯಿಯ ಋಣ ತೀರಿಸಲು ಸಾವಿರ ವರ್ಷದ ಹಿಂದೆ ಗದ್ದೆ ಬರೆದುಕೊಟ್ಟ ಜನ ನಾವು. ಇಂದು ನಮ್ಮಿಂದ ಬೇಕಾಗಿರುವುದು ಗದ್ದೆಯಲ್ಲ, ನಾಯಿಯನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ಯಲು ಒಂದು ಬೆಳಗಿನ ರಜೆ.

ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿ ನಾಯಿಗಳು 2023ರ ಪಾಲಿಕೆ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ನಡುವೆ ಹೆಚ್ಚಿದ್ದು ಕಿವಿಯ ಕಚ್ಚು. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಒಂದು ಶಸ್ತ್ರಚಿಕಿತ್ಸೆಯಿಂದ ನಿಲ್ಲುವುದು ಅಷ್ಟೂ ಹೆರಿಗೆ. ಮುಂದೆ ಬರಬಹುದಾದ ಗರ್ಭಕೋಶದ ಕೀವಿನ ಕಾಯಿಲೆಯಿಂದಲೂ ನಾಯಿ ಪಾರಾಗುತ್ತದೆ. ಮರಿ ಹಾಲು ಬಿಟ್ಟು, ತಾಯಿಯ ಮೊಲೆ ಬತ್ತಿದ ಮೇಲೆ ಇದನ್ನು ಮಾಡಿಸಬಹುದು. ಕೆಂಚಿಗೆ ಮಾಡಿಸಿದೆವು. ಎಂಟು ವಾರ ತುಂಬಿದ ಮೇಲೆ, ಆರು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆ ಎಂದು ಒಪ್ಪಿದ ಮನೆಗಳಿಗೆ ಮೂರು ಹೆಣ್ಣುಮರಿಗಳನ್ನು ಕೊಟ್ಟೆವು. 240 ಗ್ರಾಮಿನದು ಎದುರುಮನೆಯ ಅಜ್ಜಿಯ ಜಗಲಿಯ ಮೇಲಿದೆ.

ನಿಮ್ಮ ಮೆಟ್ಟಿಲ ಕೆಳಗೂ ಒಬ್ಬಳು ಬಂದು ಸೇರಿಕೊಂಡರೆ ಓಡಿಸಬೇಡಿ. ಒಂಬತ್ತು ವಾರ ಜಾಗ ಕೊಡಿ, ಇನ್ನೆಂಟು ವಾರ ಅನ್ನ ಕೊಡಿ. ಆಮೇಲೆ ಅವಳ ಕಿವಿಗೊಂದು ಕಚ್ಚು ಬೀಳುವ ಹಾಗೆ ನೋಡಿಕೊಳ್ಳಿ. ನಾಯಿಮರಿ ಬೇಕೆಂದು ಕೇಳಲು ಹೋದಾಗ ಹೆಣ್ಣುಮರಿಯನ್ನೇ ಕೇಳಿ ತನ್ನಿ.